ಹಿಮ್ಮಡಿಗೆ ಬಿದ್ದ ಹೊಲಿಗೆ



ಕಳೆದ ವರ್ಷ ಮೂರು ತಿಂಗಳ ಕಾಲ ಈ ಅಂಕಣವು ಪತ್ರಿಕೆಯಲ್ಲಿ ಕಾಣಿಸಿಕೊಳ್ಳದಿದ್ದುದನ್ನು ಗಮನಿಸಿ ಹಲವು ಓದುಗರು ಪತ್ರ ಬರೆದಿದ್ದರು. ‘ಅಸ್ವಸ್ಥತೆಯ ನಿಮಿತ್ತ’ ಎಂದು ಸಂಪಾದಕರು ಒಂದು ಸಾಲು ಅಚ್ಚು ಹಾಕಿಸಿದ್ದರಿಂದ ನನ್ನ ಹೃದಯಕ್ಕೆ ಏನೋ ಆಗಿದೆಯೆಂದು ಭಾವಿಸಿ, ಸರಸ್ವತಿ ನಗರದ ಮನೆಯನ್ನು ಹುಡುಕಿಕೊಂಡು ಬಂದು ವಿಚಾರಿಸಿದವರೂ ಉಂಟು. ಹೃದಯವು ಸುಸ್ಥಿತಿಯಲ್ಲಿದೆ. ಹರಿದದ್ದು ಬಲಗಾಲಿನ ಹಿಮ್ಮಡಿಯ ಮೇಲಿರುವ ಸ್ನಾಯುರಜ್ಜು. ಅದನ್ನು ಹೊಲಿಸಿಕೊಂಡು ಈಗ ಒಂದು ವರ್ಷ ತುಂಬಿದೆ. ಆ ವೃತ್ತಾಂತವನ್ನು ನಿವೇದಿಸಿಕೊಳ್ಳಬೇಕೆಂದು ತೋರಲು ಕಾರಣವಿದೆ. ಇದು ಆಟಗಾರರಿಗೆ ಮಾತ್ರ ಬರುವ ಪೆಟ್ಟೆಂದು ನಾವು ತಿಳಿದಿರುತ್ತೇವೆ; ಆದರೆ ವರ್ಷವೆಲ್ಲ ಕುರ್ಚಿಯಲ್ಲಿ ಕುಳಿತಿದ್ದು ಹಬ್ಬದ ದಿನ ಒಮ್ಮೆಲೇ ಓಡಲು ಹೊರಡುವ ನಡುವಯಸ್ಸಿನ ಗೃಹಸ್ಥರಿಗೇ ಇದು ಹೆಚ್ಚಾಗಿ ಬರುತ್ತದೆ.

ನನಗೆ ಬಂದದ್ದೂ ಹಬ್ಬದ ದಿನವೇ. 2025ರ ಜನವರಿ 14, ಮಕರ ಸಂಕ್ರಾಂತಿ. ನಮ್ಮ ದಾವಣಗೆರೆಯ ಅನೇಕ ಮನೆಗಳಂತೆ ನಾವೂ ಬುತ್ತಿ ಕಟ್ಟಿಕೊಂಡು ಹರಿಹರಕ್ಕೆ ಹೋಗಿ, ತುಂಗಭದ್ರೆಯಲ್ಲಿ ಮಿಂದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಊಟ ಮುಗಿಸಿದ್ದೆವು. ಮಕ್ಕಳು ಮರಳಿನಲ್ಲಿ ಲಗೋರಿ ಹೂಡಿದರು. ಒಂದು ಪಕ್ಷಕ್ಕೆ ಒಬ್ಬರು ಕಡಿಮೆ ಬಿದ್ದರು. ಐವತ್ತೆಂಟು ವರ್ಷದ ನಿವೃತ್ತ ಮಾಸ್ತರನಾದ ನಾನು ಧೋತರದ ಕಚ್ಚೆ ಬಿಗಿದು ನಿಂತೆ. ಚೆಂಡು ಹಿಡಿಯಲು ಮುಂದಕ್ಕೆ ಜಿಗಿದೆನೋ ಇಲ್ಲವೋ, ಹಿಂದಿನಿಂದ ಯಾರೋ ಕಾಲಿಗೆ ದೊಣ್ಣೆಯಿಂದ ಹೊಡೆದಂತಾಯಿತು. ‘ಟಪ್’ ಎಂಬ ಸದ್ದೂ ಕೇಳಿಸಿತು. ಹೊಡೆದವನನ್ನು ಬಯ್ಯಲು ಹಿಂತಿರುಗಿ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಮರಳು ಮಾತ್ರವಿತ್ತು. ಈ ಪೆಟ್ಟು ಬಿದ್ದವರಲ್ಲಿ ಬಹುಮಂದಿ ಹೀಗೆಯೇ ಹಿಂತಿರುಗಿ ನೋಡುತ್ತಾರೆಂದು ಆಮೇಲೆ ವೈದ್ಯರು ತಿಳಿಸಿದರು.

ವಿಚಿತ್ರವೆಂದರೆ ನೋವು ಅರ್ಧ ಗಂಟೆಯಲ್ಲಿ ಇಳಿಯಿತು. ಕುಂಟುತ್ತ ನಡೆಯುವುದಕ್ಕೂ ಆಯಿತು. ಆದುದರಿಂದ ಉಳುಕೆಂದು ಎಲ್ಲರೂ ನಿರ್ಧರಿಸಿದರು. ಕೈಗುಣವುಳ್ಳವರೆಂದು ಹೆಸರಾದ ಒಬ್ಬರು ಎಣ್ಣೆ ಹಚ್ಚಿ ನೀವಿದರು. ಬಿಸಿ ಇಟ್ಟಿಗೆಯ ಶಾಖವೂ ಆಯಿತು. ಹೀಗೆ ಹತ್ತು ದಿನಗಳು ಕಳೆದುಹೋದವು. ನೀವಿದವರನ್ನು ನಾನು ದೂರುವುದಿಲ್ಲ. ಪಾದವನ್ನು ಕೆಳಕ್ಕೆ ಬಾಗಿಸಬಲ್ಲ ಬೇರೆ ಸಣ್ಣ ಸ್ನಾಯುಗಳು ಆಳದಲ್ಲಿರುವುದರಿಂದ ದೊಡ್ಡ ಹುರಿ ಪೂರ್ಣವಾಗಿ ಹರಿದಿದ್ದರೂ ಮನುಷ್ಯನು ಹೇಗೋ ನಡೆಯುತ್ತಾನೆ. ಕಲಿತ ವೈದ್ಯರೂ ಇದನ್ನು ಮೊದಲ ನೋಟಕ್ಕೆ ಉಳುಕೆಂದು ಬಿಟ್ಟುಬಿಡುವುದುಂಟು. ಆದರೆ ಒಂದು ಗುರುತನ್ನು ನಾನೇ ಗಮನಿಸಬೇಕಿತ್ತು. ಬಲಗಾಲ ಬೆರಳುಗಳ ಮೇಲೆ ನಿಂತು ಹಿಮ್ಮಡಿಯನ್ನು ಎತ್ತಲು ನನ್ನಿಂದ ಸರ್ವಥಾ ಆಗುತ್ತಿರಲಿಲ್ಲ. ಮಾಡದ ಮೇಲಿನ ಪುಸ್ತಕವನ್ನು ತೆಗೆಯಲು ಹೋಗಿ ಇದು ತಿಳಿಯಿತು.

ಹನ್ನೊಂದನೆಯ ದಿನ ಎಲುಬು-ಕೀಲು ತಜ್ಞರು ನನ್ನನ್ನು ಬೋರಲಾಗಿ ಮಲಗಿಸಿ, ಪಾದಗಳು ಮಂಚದ ಅಂಚಿನಿಂದ ಹೊರಗೆ ಜೋಲುವಂತೆ ಮಾಡಿ, ಎಡಗಾಲಿನ ಮೀನಖಂಡವನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರು. ಪಾದವು ತಾನಾಗಿಯೇ ಕೆಳಕ್ಕೆ ಬಾಗಿತು. ಬಲಗಾಲನ್ನು ಹಾಗೆಯೇ ಒತ್ತಿದರು. ಪಾದವು ಅಲುಗಲಿಲ್ಲ. ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಅವರು ಬೆರಳಿಟ್ಟ ಕಡೆ ಒಂದು ತಗ್ಗು ಸಿಕ್ಕಿತು. ಅರ್ಧ ನಿಮಿಷದ ಈ ಪರೀಕ್ಷೆಗೆ ಯಂತ್ರ ಬೇಡ, ಕಾಸು ಬೇಡ. ಪರೀಕ್ಷೆಯ ರೀತಿಯನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಮುಂದೆ ಅದು ಇನ್ನೊಮ್ಮೆ ಬರುತ್ತದೆ.

ಈ ಹುರಿಯ ಸ್ವರೂಪವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಮೀನಖಂಡದ ಎರಡು ಸ್ನಾಯುಗಳು ಕೆಳಗೆ ಒಂದಾಗಿ ಹುರಿಗೊಂಡು ಹಿಮ್ಮಡಿಯ ಎಲುಬಿಗೆ ಕಚ್ಚಿಕೊಳ್ಳುತ್ತವೆ. ದೇಹದಲ್ಲಿರುವ ಸ್ನಾಯುರಜ್ಜುಗಳಲ್ಲೆಲ್ಲ ಇದೇ ದಪ್ಪನೆಯದು, ಇದೇ ಬಲಿಷ್ಠವಾದದ್ದು. ಓಡುವಾಗ ದೇಹದ ತೂಕದ ಹಲವು ಪಟ್ಟು ಭಾರವು ಇದರ ಮೇಲೆ ಬೀಳುತ್ತದೆ. ಆದರೆ ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗಕ್ಕೆ ರಕ್ತದ ಪೂರೈಕೆ ಕಡಿಮೆ. ಹರಿಯುವುದು ಸಾಮಾನ್ಯವಾಗಿ ಅಲ್ಲಿಯೇ, ಮತ್ತು ಕೂಡಿಕೊಳ್ಳಲು ತಡವಾಗುವುದೂ ಅದೇ ಕಾರಣದಿಂದ. ಗ್ರೀಕರ ಪುರಾಣದಲ್ಲಿ ಅಕಿಲಿಸ್ ಎಂಬ ವೀರನನ್ನು ಅವನ ತಾಯಿ ಶೈಶವದಲ್ಲಿ ಹಿಮ್ಮಡಿ ಹಿಡಿದು ದಿವ್ಯ ನದಿಯಲ್ಲಿ ಮುಳುಗಿಸಿದಳಂತೆ. ಕೈ ಹಿಡಿದ ಜಾಗಕ್ಕೆ ನೀರು ತಾಗದೆ ಅದೊಂದೇ ಅವನ ಮರ್ಮಸ್ಥಾನವಾಗಿ ಉಳಿಯಿತಂತೆ. ವೆರ್ಹೇಯನ್ ಎಂಬ ಶರೀರಶಾಸ್ತ್ರಜ್ಞನು 1693ರ ತನ್ನ ಗ್ರಂಥದಲ್ಲಿ ಈ ಹುರಿಗೆ ಅಕಿಲಿಸನ ಹೆಸರನ್ನು ಬಳಸಿದನು. ನಾನು ತುಂಗಭದ್ರೆಯಲ್ಲಿ ಹಿಮ್ಮಡಿ ಸಹಿತವಾಗಿ ಮುಳುಗಿಯೇ ಎದ್ದಿದ್ದೆ, ಪ್ರಯೋಜನವಾಗಲಿಲ್ಲ.

ಮೂರು ಪ್ರಶ್ನೆಗಳನ್ನು ವೈದ್ಯರು ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ? ಹಿಮ್ಮಡಿ ನೋವಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡದ್ದುಂಟೇ? ಇತ್ತೀಚೆಗೆ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಜಾತಿಯ ಮಾತ್ರೆ ನುಂಗಿದ್ದೀರಾ? ಮೂರಕ್ಕೂ ಇಲ್ಲವೆಂದೆ. ಕೊನೆಯ ಪ್ರಶ್ನೆಯಿಂದ ನಾನು ಬೆರಗಾದೆ. ಉರಿಮೂತ್ರಕ್ಕೆ, ಕೆಮ್ಮಿಗೆ ಕೊಡುವ ಆ ಮಾತ್ರೆಗಳು ಸ್ನಾಯುರಜ್ಜುಗಳನ್ನು ದುರ್ಬಲಗೊಳಿಸಬಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2008ರಲ್ಲಿ ಕಟ್ಟೆಚ್ಚರಿಕೆಯನ್ನೇ ಮುದ್ರಿಸುವಂತೆ ಆಜ್ಞಾಪಿಸಿತು. ಅರವತ್ತು ದಾಟಿದವರಿಗೆ, ಜೊತೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಔಷಧದಂಗಡಿಯಲ್ಲಿ ನಾವೇ ಕೇಳಿ ಪಡೆದು ನುಂಗುವ ಅಭ್ಯಾಸವುಳ್ಳ ಮನೆಗಳು ಇದನ್ನು ಗಮನಿಸಬೇಕು.

ಹೊಲಿಯಲೇಬೇಕೇ ಎಂದು ಕೇಳಿದೆ. ವೈದ್ಯರು ಪ್ರಾಮಾಣಿಕವಾಗಿ ಉತ್ತರಿಸಿದರು. ಪೆಟ್ಟಾದ ಕೂಡಲೇ ಬಂದವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ, ಪಾದವನ್ನು ಕೆಳಕ್ಕೆ ಬಾಗಿಸಿ ಕಟ್ಟಿ ಗುಣಪಡಿಸುವ ಮಾರ್ಗವೂ ಇದೆ. ನಾರ್ವೆ ದೇಶದ ನಾಲ್ಕು ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 526 ರೋಗಿಗಳನ್ನು ಹೋಲಿಸಿ ನೋಡಿದಾಗ, ಒಂದು ವರ್ಷದ ಕೊನೆಗೆ ಎರಡು ಮಾರ್ಗದವರ ಸ್ಥಿತಿಯೂ ಹೆಚ್ಚು ಕಡಿಮೆ ಒಂದೇ ಆಗಿತ್ತು. ಹೊಲಿಸದವರಲ್ಲಿ ನೂರಕ್ಕೆ 6 ಮಂದಿಗೆ ಹುರಿ ಮತ್ತೆ ಹರಿದಿತ್ತು. ಹೊಲಿಸಿದವರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ಹೊಲಿಸಿದವರಲ್ಲಿ ನರಕ್ಕೆ ಪೆಟ್ಟಾದ ಪ್ರಕರಣಗಳು ಹೆಚ್ಚು. ನನ್ನ ವಿಷಯದಲ್ಲಿ ಹತ್ತು ದಿನಗಳು ಕಳೆದು ತುದಿಗಳು ದೂರ ಸರಿದಿದ್ದರಿಂದ ಹೊಲಿಯುವುದೇ ಲೇಸೆಂದು ತೀರ್ಮಾನವಾಯಿತು. ಜನವರಿ 27, ಸೋಮವಾರ.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ನನ್ನನ್ನು ಕಾಡಿದ ಚಿಂತೆಯು ಚಾಕುವಿನದಲ್ಲ. ಈ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯನ್ನು ಬೋರಲಾಗಿ ಮಲಗಿಸುತ್ತಾರೆ. ಮೈಮೇಲೆ ಲೋಹವಿರಬಾರದೆಂದೂ ದಾದಿ ತಿಳಿಸಿದಳು. ಎದೆಯ ಮೇಲಿನ ಇಷ್ಟಲಿಂಗವನ್ನು ಏನು ಮಾಡುವುದು? ದೀಕ್ಷೆಯಾದಂದಿನಿಂದ ಅದು ಅಂಗವನ್ನು ಅಗಲಿದ್ದಿಲ್ಲ. ನನ್ನ ತಂದೆಯವರು ತಮ್ಮ ಕೊನೆಯ ದಿನಗಳಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಪ್ಪದಿರಲು ಇದೇ ಕಾರಣವೆಂದು ತಾಯಿ ಹೇಳುತ್ತಿದ್ದುದು ನೆನಪಾಯಿತು. ಅರಿವಳಿಕೆ ತಜ್ಞರು ನಮ್ಮ ಧರ್ಮದವರಲ್ಲ. ಆದರೂ ಬೆಳಗ್ಗೆ ಸಂಕೋಚದಿಂದ ವಿಷಯವನ್ನು ಅರುಹಿದಾಗ ಅವರು ನಗಲಿಲ್ಲ, ಅವಸರಿಸಲಿಲ್ಲ. “ಎದೆಯಲ್ಲೇ ಇರಬೇಕೆಂಬ ನಿಯಮವಿದೆಯೇ?” ಎಂದು ಕೇಳಿದರು. ಶಿರ, ಕಂಠ, ಕಕ್ಷ, ವಕ್ಷ, ಕರಸ್ಥಲ ಇವೆಲ್ಲವೂ ಲಿಂಗಧಾರಣೆಗೆ ಸಲ್ಲುವ ಸ್ಥಾನಗಳೆಂದು ಹೇಳಿದೆ. “ಹಾಗಾದರೆ ಸುಲಭವಾಯಿತು” ಎಂದರು. ಬೆಳ್ಳಿಯ ಕರಡಿಗೆಯನ್ನು ಮಡದಿಗೆ ಒಪ್ಪಿಸಿ, ಲಿಂಗವನ್ನು ಅವರು ಕೊಟ್ಟ ಶುಭ್ರ ವಸ್ತ್ರದಲ್ಲಿ ಸುತ್ತಿ, ಶಿರದ ಮೇಲೆ ಕಟ್ಟಿ, ಅದರ ಮೇಲೆ ಎಲ್ಲರಿಗೂ ತೊಡಿಸುವ ಬಟ್ಟೆಯ ಟೊಪ್ಪಿಗೆಯನ್ನು ತೊಡಿಸಿದರು. ಸೊಂಟದಿಂದ ಕೆಳಗೆ ಮಾತ್ರ ಅರಿವಳಿಕೆ ಕೊಟ್ಟಿದ್ದರಿಂದ ಎಚ್ಚರವಾಗಿಯೇ ಇದ್ದೆ. ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ಮನಸ್ಸಿನಲ್ಲಿಯೇ ಪಂಚಾಕ್ಷರಿ ನಡೆದಿತ್ತು.

ಎಲ್ಲ ಸಂದರ್ಭಗಳಲ್ಲಿ ಹೀಗೆ ಅನುಕೂಲವಾಗದು. ತಲೆಗೆ ಪೆಟ್ಟಾಗಿ ಪ್ರಜ್ಞೆಯಿಲ್ಲದೆ ಬಂದವರ ವಿಷಯದಲ್ಲಿ ವೈದ್ಯರು ಕಾಯಲಾರರು, ಕಾಯಲೂಬಾರದು. ಆಯಸ್ಕಾಂತದ ಯಂತ್ರದಲ್ಲಿ ಚಿತ್ರ ತೆಗೆಯುವಾಗ ಲೋಹದ ಕರಡಿಗೆ ಹೊರಗೇ ಇರತಕ್ಕದ್ದು. ಆದರೆ ಮುಂಚಿತವಾಗಿ ಗೊತ್ತುಪಡಿಸಿದ ಶಸ್ತ್ರಚಿಕಿತ್ಸೆಯಲ್ಲಿ ಬಾಯಿಬಿಟ್ಟು ಕೇಳಿದರೆ ದಾರಿ ದೊರೆಯುತ್ತದೆ. ಕೇಳದೆ ಒಳಗೊಳಗೇ ಕೊರಗಿ ಚಿಕಿತ್ಸೆಯನ್ನೇ ಬೇಡವೆನ್ನುವುದು ತರವಲ್ಲವೆಂದು ನನ್ನ ತಿಳುವಳಿಕೆ. ತಂದೆಯವರಿಗೆ ಯಾರಾದರೂ ಆ ಒಂದು ಪ್ರಶ್ನೆಯನ್ನು ಕೇಳಿದ್ದರೆ ಎಂದು ಆ ಮೇಜಿನ ಮೇಲೆ ಮಲಗಿ ಯೋಚಿಸಿದೆ.

ಮರುದಿನ ಸಂಜೆ ಪಕ್ಕದ ಹಾಸಿಗೆಯ ಯುವಕನು ತನ್ನ ಮೊಬೈಲಿನಲ್ಲಿ ರಾಜಕೋಟದ ಕ್ರಿಕೆಟ್ ಪಂದ್ಯವನ್ನು ನೋಡುತ್ತಿದ್ದನು. “ನೋಡ್ರಿ ಮಾಸ್ತರ, ನಿಮ್ಮ ಕಾಲಿನವರೇ” ಎಂದು ತೋರಿಸಿದನು. ಅಂದು ಭಾರತಕ್ಕೆ ಮರಳಿ ಆಡುತ್ತಿದ್ದವರು ಮಹಮ್ಮದ್ ಶಮಿ. 2023ರ ವಿಶ್ವಕಪ್ಪಿನಲ್ಲಿ ಏಳೇ ಪಂದ್ಯಗಳಲ್ಲಿ 24 ವಿಕೆಟ್ ಪಡೆದ ಅವರಿಗೆ 2024ರ ಫೆಬ್ರುವರಿಯಲ್ಲಿ ಇದೇ ಅಕಿಲಿಸ್ ಸ್ನಾಯುರಜ್ಜಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಆಮೇಲೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ. ನವೆಂಬರಿನಲ್ಲಿ ಬಂಗಾಳದ ಪರ ರಣಜಿ ಪಂದ್ಯ ಆಡಿದರು. ಹಿಮ್ಮಡಿ ಪೂರ್ಣ ಗುಣವಾಗಿದೆಯೆಂದು ಡಿಸೆಂಬರಿನಲ್ಲಿ ಕ್ರಿಕೆಟ್ ಮಂಡಳಿ ಪ್ರಕಟಿಸಿದಾಗಲೂ ಎಡಮೊಣಕಾಲಿನಲ್ಲಿ ಬಾವು ಕಾಣಿಸಿದ್ದರಿಂದ ಇನ್ನಷ್ಟು ಕಾಯಿಸಿದರು. ವೈದ್ಯರ, ತರಬೇತುದಾರರ ತಂಡವೇ ಬೆನ್ನಿಗಿದ್ದ ಮೂವತ್ತನಾಲ್ಕು ವರ್ಷದ ಆಟಗಾರನಿಗೆ ಹನ್ನೊಂದು ತಿಂಗಳು. ಸಂಬಂಧಿಕರೊಬ್ಬರು ಅದೇ ದಿನ ಬೆಳಗ್ಗೆ “ಯುಗಾದಿಗೆಲ್ಲ ಓಡಾಡ್ತೀರಿ ಬಿಡ್ರಿ” ಎಂದು ಹೇಳಿಹೋಗಿದ್ದರು. ಆ ಯುವಕನ ಮೊಬೈಲು ನನಗೆ ಹೆಚ್ಚು ಸತ್ಯವಾದ ಲೆಕ್ಕವನ್ನು ಕೊಟ್ಟಿತು.

ಮೊದಲ ಎರಡು ವಾರ ಪಾದವನ್ನು ಕೆಳಕ್ಕೆ ಬಾಗಿಸಿದ ಪ್ಲಾಸ್ಟರು. ಕಾಲನ್ನು ಎದೆಗಿಂತ ಎತ್ತರಕ್ಕೆ ದಿಂಬುಗಳ ಮೇಲಿಟ್ಟು ಮಲಗುವುದು. ಹಿಮ್ಮಡಿಯ ಹಿಂದಿನ ಚರ್ಮ ತೆಳುವಾದುದರಿಂದ ಬಾವು ಏರಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೂ, ಬೀಡಿ ಸಿಗರೇಟು ತಂಬಾಕಿನ ಅಭ್ಯಾಸವಿದ್ದವರಿಗೂ ಗಾಯ ಮಾಯುವುದು ಕಷ್ಟ. ಇನ್ನೊಂದು ಭಯವೆಂದರೆ ಅಲುಗದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಮೀನಖಂಡ ಬಿಗಿದು ನೋಯುವುದು, ಹಠಾತ್ತಾಗಿ ಉಸಿರು ಸಿಕ್ಕಿಕೊಳ್ಳುವುದು, ಎದೆ ನೋಯುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕೆಂದು ಮಡದಿಗೆ ಎರಡು ಬಾರಿ ಹೇಳಿ ಕಳುಹಿಸಿದ್ದರು.

ಊಟದ ವಿಷಯದಲ್ಲಿ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೆಯಿತು. ಬದನೆ, ಕುಂಬಳ, ಮೊಸರು, ಶೇಂಗಾ ಎಲ್ಲವೂ ನಂಜು, ಗಾಯ ಕೀವಾಗುತ್ತದೆ ಎಂದು ಅಕ್ಕನವರು ಪಟ್ಟಿ ಮಾಡಿದರು. ಉಳಿದದ್ದು ಗಂಜಿ ಮತ್ತು ಹೆಸರುಬೇಳೆಯ ತಿಳಿಸಾರು. ಹುರಿ ಕೂಡಿಕೊಳ್ಳಲು ಬೇಕಾದುದೇ ಪೌಷ್ಟಿಕ ಆಹಾರ, ಕಾಳು, ಹಾಲು, ಮೊಸರು, ಶೇಂಗಾ ಯಾವುದನ್ನೂ ಬಿಡಬೇಡಿ ಎಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ ಮೇಲೆ ಮಡಿಕೆಕಾಳಿನ ಪಲ್ಯವೂ ಶೇಂಗಾ ಹಿಂಡಿಯೂ ಮರಳಿ ಬಂದವು. ಅಕ್ಕನವರು ಇಂದಿಗೂ ಒಪ್ಪಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಮೊಣಕಾಲಿನವರೆಗೆ ಬರುವ ಗಟ್ಟಿ ಬೂಟು ಬಂದಿತು. ಅದರೊಳಗೆ ಹಿಮ್ಮಡಿಯ ಕೆಳಗೆ ಮೂರು ಬೆಣೆಗಳು. ಎರಡು ವಾರಕ್ಕೊಂದರಂತೆ ಬೆಣೆಯನ್ನು ತೆಗೆಯುತ್ತ ಪಾದವನ್ನು ಸಮಸ್ಥಿತಿಗೆ ತರುವುದು. ಹಿಂದೆ ಆರು ವಾರಗಳ ಕಾಲ ಕಾಲೂರಲು ಬಿಡುತ್ತಿರಲಿಲ್ಲವಂತೆ. ಹೊಲಿದ ಹುರಿಗೆ ಬೇಗನೆ ಹಿತವಾದ ಭಾರ ಬಿದ್ದರೆ ಎಳೆಗಳು ಸರಿಯಾಗಿ ಜೋಡಿಕೊಳ್ಳುತ್ತವೆಂದು ಈಗ ಬೂಟು ಮತ್ತು ಊರುಗೋಲುಗಳೊಂದಿಗೆ ಮೂರನೆಯ ವಾರದಲ್ಲಿಯೇ ನಡೆಸುತ್ತಾರೆ. ಭಾರ ಬೇಕು, ಆದರೆ ಎಳೆತ ಬೇಡ. ಈ ವ್ಯತ್ಯಾಸವನ್ನು ಮನೆಯವರೆಲ್ಲರೂ ತಿಳಿಯಬೇಕು. ಎಳೆದುಕೊಂಡು ಉದ್ದವಾಗಿ ಕೂಡಿದ ಹುರಿಯು ಸಡಿಲ ಹಗ್ಗದಂತೆ. ಆಮೇಲೆ ಎಷ್ಟು ವ್ಯಾಯಾಮ ಮಾಡಿದರೂ ಹಿಮ್ಮಡಿಗೆ ಹಿಂದಿನ ಬಲ ಬಾರದು. ಕುಕ್ಕರಗಾಲಿನಲ್ಲಿ ಕುಳಿತಾಗ ಹಿಮ್ಮಡಿಯ ಹುರಿಯು ಪೂರ್ಣವಾಗಿ ಎಳೆಯಲ್ಪಡುತ್ತದೆ. ಆದುದರಿಂದ ನಮ್ಮ ಹಳೆಯ ಪದ್ಧತಿಯ ಶೌಚಾಲಯವೇ ಇಲ್ಲಿ ದೊಡ್ಡ ಶತ್ರು. ನಡುವೆ ತೂತಿರುವ ಕುರ್ಚಿಯೊಂದನ್ನು ತಂದೆವು. ಸಂಕೋಚದಿಂದ ಇದನ್ನು ತರದಿರುವ ಮನೆಗಳೂ ಉಂಟೆಂದು ಫಿಸಿಯೋಥೆರಪಿಯ ತಾಯಿ ಹೇಳಿದರು.

ಪೂಜೆಯ ಪ್ರಶ್ನೆಯೂ ಎದ್ದಿತು. ನೆಲದ ಮೇಲೆ ಕುಳಿತು ಏಳುವಂತಿಲ್ಲ, ಬೂಟನ್ನು ಬಿಚ್ಚುವಂತಿಲ್ಲ, ಬೂಟು ತೊಟ್ಟು ದೇವರ ಮನೆಗೆ ಬರುವುದು ಅಕ್ಕನವರಿಗೆ ಸಮ್ಮತವಲ್ಲ. ಎರಡು ದಿನ ಪೂಜೆಯಿಲ್ಲದೆ ಕುಳಿತ ಮೇಲೆ ನನ್ನ ಅಜ್ಞಾನಕ್ಕೆ ನಾನೇ ನಾಚಿದೆ. ನಮ್ಮ ಪೂಜೆಗೆ ಗುಡಿ ಬೇಡವೆಂದು, ಅಂಗೈಯೇ ಪೀಠವೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಒಂದು ಚಾಪೆಗಾಗಿ ಕಾಯುತ್ತಿದ್ದೆ! ಪಡಸಾಲೆಯ ಕುರ್ಚಿಯಲ್ಲಿ ಕುಳಿತು, ಬೂಟಿನ ಕಾಲನ್ನು ಮಣೆಯ ಮೇಲೆ ಚಾಚಿ, ಎಡಗೈಯ ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು ಪೂಜಿಸಿದೆ. ಅಕ್ಕನವರು ದೂರದಿಂದ ನೋಡುತ್ತ ನಿಂತು, ನಾಲ್ಕನೆಯ ದಿನ ತಾವೇ ವಿಭೂತಿಯ ತಟ್ಟೆಯನ್ನು ತಂದಿಟ್ಟರು.

ಊರುಗೋಲು ಹಿಡಿದವನಿಗೆ ಎರಡೂ ಕೈಗಳು ಇಲ್ಲವಾಗುತ್ತವೆಂಬುದು ಹಿಡಿದ ಮೇಲೆಯೇ ತಿಳಿಯುವುದು. ಒಂದು ಲೋಟ ನೀರನ್ನೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಲಾರೆ. ಮಠದ ದಾಸೋಹದಲ್ಲಿ ಸೌಟು ಹಿಡಿದು ಸಾಲು ಸಾಲಿಗೆ ಬಡಿಸಿದವನು, ಬಡಿಸಿಕೊಳ್ಳುವುದನ್ನು ಕಲಿತಿರಲಿಲ್ಲ. ನೀರು ಕೇಳಲು ಸಂಕೋಚವಾಗಿ ಬಾಯಾರಿಕೊಂಡು ಕುಳಿತ ದಿನಗಳಿವೆ. ಕೇಳಿದ ಕೂಡಲೇ ಬರಲಿಲ್ಲವೆಂದು ಗದರಿದ ದಿನಗಳೂ ಇವೆ. ಮಡದಿಯು ಆ ಎರಡು ತಿಂಗಳಲ್ಲಿ ಸ್ನಾನದ ನೀರಿನಿಂದ ಹಿಡಿದು ಔಷಧದ ಹೊತ್ತಿನವರೆಗೆ ಎಲ್ಲವನ್ನೂ ಹೊತ್ತಳು, ಅವಳ ಸೊಂಟ ನೋವು ಮರುಕಳಿಸಿತು, ಆ ನೋವನ್ನು ವಿಚಾರಿಸಲು ಯಾರೂ ಬುತ್ತಿ ಕಟ್ಟಿಕೊಂಡು ಬರಲಿಲ್ಲ. ರೋಗಿಯನ್ನು ನೋಡಲು ಹೋಗುವ ಬಂಧುಗಳು ಆ ಮನೆಯ ತಾಯಿಗೆ ಒಂದು ಹೊತ್ತಿನ ರೊಟ್ಟಿ ತಟ್ಟುವ ಕೆಲಸವನ್ನು ತಪ್ಪಿಸಿದರೆ, ಸೇಬಿನ ಚೀಲಕ್ಕಿಂತ ಅದು ದೊಡ್ಡದು. ಎದುರು ಮನೆಯ ತಾಯಿಯೊಬ್ಬರು ಪ್ರತಿ ಸೋಮವಾರ ಹಾಗೆ ಮಾಡಿದರು.

ಇನ್ನು ಯುಗಾದಿಯ ರಾತ್ರಿಯ ಪ್ರಸಂಗ. ಮಾರ್ಚ್ 30, ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ವಾರ. ಇನ್ನೂ ಹದಿನೈದು ದಿನ ಮನೆಯೊಳಗೂ ಬೂಟು ತೊಡಬೇಕೆಂದು ಅಪ್ಪಣೆಯಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ದಣಿದು ಮಲಗಿದ್ದವಳನ್ನು ಎಬ್ಬಿಸಬಾರದೆಂಬ ನೆಪದಿಂದ, ನಿಜವಾಗಿ ಹೇಳಬೇಕೆಂದರೆ ಬೂಟಿನ ಪಟ್ಟಿಗಳನ್ನು ಕಟ್ಟುವ ಬೇಸರದಿಂದ, ಬರಿಗಾಲಿನಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋದೆ. ಬೆಳಗ್ಗೆ ಮನೆಮಂದಿಯೆಲ್ಲ ಎಣ್ಣೆಸ್ನಾನ ಮಾಡಿದ ಬಚ್ಚಲು. ಕಾಲು ಜಾರಿತು. ಬಲಗಾಲು ಮುಂದಕ್ಕೆ ಹೋಗಿ ಹಿಮ್ಮಡಿಯ ಹಿಂದೆ ಸಳಕ್ಕೆಂದು ಒಂದು ನೋವು ಹಾದುಹೋಯಿತು. ನೆಲದ ಮೇಲೆ ಕುಳಿತುಬಿಟ್ಟೆ.

ಕೂಗಲಿಲ್ಲ. ಎರಡು ಗಂಟೆಯಿಂದ ಐದು ಗಂಟೆಯವರೆಗೆ ಆ ತೋಯ್ದ ನೆಲದ ಮೇಲೆ ಕುಳಿತಿದ್ದೆ. ಹರಿದಿದ್ದರೆ ಮತ್ತೆ ಮೇಜು, ಮತ್ತೆ ಪ್ಲಾಸ್ಟರು, ಮತ್ತೆ ಅವಳ ಎರಡು ತಿಂಗಳು. ಇದನ್ನು ಅವಳಿಗೆ ಯಾವ ಮುಖದಿಂದ ಹೇಳಲಿ? ಮರುಹರಿತವು ಬಹುತೇಕ ಮೊದಲ ಮೂರು ತಿಂಗಳಲ್ಲಿ, ಅದರಲ್ಲೂ ಬೂಟು ಬಿಡುವ ಕಾಲದಲ್ಲಿ, ಇಂಥ ಜಾರುವಿಕೆ ಎಡವುವಿಕೆಗಳಿಂದಲೇ ಆಗುತ್ತದೆಂದು ಮುಂಚಿತವಾಗಿ ಎಚ್ಚರಿಸಿದ್ದರು. ಐದಕ್ಕೆ ಅವಳೇ ಎದ್ದು ಬಂದಳು. ಬಯ್ಯಲಿಲ್ಲ, ಮಾತೇ ಆಡಲಿಲ್ಲ. ಸೊಸೆಯನ್ನು ಕರೆದು ಇಬ್ಬರೂ ಹಿಡಿದು ಮಂಚದ ಮೇಲೆ ಬೋರಲಾಗಿ ಮಲಗಿಸಿದರು. ಆಸ್ಪತ್ರೆಯಲ್ಲಿ ಅಂದು ಪಕ್ಕದಲ್ಲಿ ನಿಂತು ನೋಡಿದ್ದ ಸೊಸೆಯು ಬಲಗಾಲಿನ ಮೀನಖಂಡವನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದಳು. ಮುಖ ದಿಂಬಿನಲ್ಲಿದ್ದುದರಿಂದ ನನಗೆ ಕಾಣುತ್ತಿರಲಿಲ್ಲ. “ಅಲುಗಿತು ಮಾವ” ಎಂದಳು. ಇನ್ನೊಮ್ಮೆ ಒತ್ತೆಂದೆ. “ಅಲುಗಿತು.” ಒಂಬತ್ತು ಗಂಟೆಗೆ ವೈದ್ಯರೂ ನೋಡಿ, ಸುತ್ತಲಿನ ಅಂಟು ಹರಿದಿರಬಹುದು, ಹೊಲಿಗೆ ಭದ್ರವಾಗಿದೆ ಎಂದರು. ಮಡದಿಯು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಮೊದಲ ಬಾರಿಗೆ ಅತ್ತಳು.

ಬಸವ ಜಯಂತಿಯು ಏಪ್ರಿಲ್ 30ರಂದು ಬಂದಿತು. ನಮ್ಮ ದಾವಣಗೆರೆಗೂ ಈ ದಿನಕ್ಕೂ ಇರುವ ನಂಟನ್ನು ಓದುಗರು ಬಲ್ಲರು. 1913ರಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಆಶ್ರಯದಲ್ಲಿ ಇಲ್ಲಿಯ ವಿರಕ್ತಮಠದಲ್ಲಿಯೇ ಸಾರ್ವಜನಿಕ ಬಸವ ಜಯಂತಿಯನ್ನು ಆರಂಭಿಸಿದರು. ಮೆರವಣಿಗೆಯಲ್ಲಿ ನಾನು ತಪ್ಪದೆ ನಡೆಯುತ್ತ ಬಂದವನು. ಹದಿಮೂರು ವಾರವಾಗಿದೆ, ಬೂಟೂ ಹೋಗಿದೆ, ಅರ್ಧ ದಾರಿಯಾದರೂ ನಡೆಯುವೆನೆಂದು ಕೇಳಿದೆ. ಫಿಸಿಯೋಥೆರಪಿಯ ತಾಯಿಯು ನಮ್ಮ ಶರಣರ ಕಥೆಯನ್ನೇ ನನಗೆ ತಿರುಗಿಸಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಸುರಿದು ಬರಲು ಹಿಂದಕ್ಕೆ ಕಳುಹಿಸಿದರಲ್ಲವೇ? “ಇವತ್ತಿನ ಅಳತೆ ಮನೆಯಿಂದ ಓಣಿಯ ತುದಿ. ಹೆಚ್ಚು ತಂದರೆ ನಾನೂ ವಾಪಸ್ಸು ಕಳಿಸ್ತೀನಿ” ಎಂದರು. ಪಾಠ ಹೇಳಿದವನಿಗೆ ಪಾಠ. ಮೆರವಣಿಗೆಯನ್ನು ರಸ್ತೆಯ ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು ನೋಡಿದೆ. ಗೆಳೆಯರೊಬ್ಬರು ಸಾಲಿನಿಂದ ಹೊರಬಂದು ಹತ್ತು ನಿಮಿಷ ಪಕ್ಕದಲ್ಲಿ ನಿಂತರು.

ಅಳತೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಭಯಪಟ್ಟು ಕುಳಿತುಬಿಡುವುದೂ ಅಷ್ಟೇ ಹಾನಿಕರ. ಯುಗಾದಿಯ ಪ್ರಸಂಗದ ಬಳಿಕ ನಾನು ಒಂದು ವಾರ ಹೇಳಿದ ವ್ಯಾಯಾಮವನ್ನೂ ಕದ್ದೆ. ಮೀನಖಂಡವು ಆಗಲೇ ಎಡಗಾಲಿನದಕ್ಕಿಂತ ಎರಡು ಬೆರಳು ಸಣ್ಣದಾಗಿತ್ತು. ಕುರ್ಚಿಯಲ್ಲಿ ಕುಳಿತು ಹಿಮ್ಮಡಿ ಎತ್ತುವುದು, ಆಮೇಲೆ ಗೋಡೆ ಹಿಡಿದು ಎರಡೂ ಕಾಲಿನ ಮೇಲೆ, ಕೊನೆಗೆ ಒಂದೇ ಕಾಲಿನ ಮೇಲೆ, ಕ್ರಮ ಇಷ್ಟೇ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಿನ ಕಾಲು ಮೊದಲು. ಹವಾಯಿ ಚಪ್ಪಲಿ ನಿಷಿದ್ಧ. ಬೂಟು ಬಿಟ್ಟ ಮೇಲೆ ಪಾದರಕ್ಷೆಯ ಹಿಮ್ಮಡಿಗೆ ಒಂದು ಸೆಂಟಿಮೀಟರ್ ಎತ್ತರ ಕೊಡಿಸಬೇಕೆಂದರು. ಪೇಟೆಯಲ್ಲಿ ದುಬಾರಿ ಬೆಲೆಯ ಮೆತ್ತೆಗಳಿದ್ದವು. ನಮ್ಮ ಬಡಾವಣೆಯ ಮೂಲೆಯಲ್ಲಿ ಕುಳಿತು ಪಾದರಕ್ಷೆ ಹೊಲಿಯುವ ಕಾಯಕಜೀವಿಯು ನನ್ನ ಎರಡೂ ಪಾದಗಳನ್ನು ಅಳೆದು, ನಾನು ನಡೆಯುವುದನ್ನು ನೋಡಿ, ರಬ್ಬರಿನ ಹಾಳೆಯನ್ನು ಕೊರೆದು ಎರಡೂ ಜೋಡಿಗೆ ಸಮನಾಗಿ ಕೂರಿಸಿಕೊಟ್ಟನು. ಒಂದಕ್ಕೆ ಮಾತ್ರ ಹಾಕಿದರೆ ಸೊಂಟ ವಾರೆಯಾಗುತ್ತದೆಂದು ಅವನೇ ಹೇಳಿದನು. ಹರಳಯ್ಯ ಕಲ್ಯಾಣಮ್ಮ ದಂಪತಿಗಳ ಹೆಸರನ್ನು ವೇದಿಕೆಯ ಮೇಲೆ ಎಷ್ಟೋ ಬಾರಿ ಎತ್ತಿದ್ದೇನೆ. ಆ ಮೂಲೆಯಲ್ಲಿ ಐದು ನಿಮಿಷ ಕುಳಿತದ್ದು ಮಾತ್ರ ಅದೇ ಮೊದಲು.

ಜುಲೈನಲ್ಲಿ ಒಂಟಿಗಾಲಿನ ಮೇಲೆ ಹಿಮ್ಮಡಿಯನ್ನು ಒಂದು ಬಾರಿ, ಅರ್ಧದಷ್ಟು, ಎತ್ತಿದೆ. ಶ್ರಾವಣದಲ್ಲಿ ಕುಂದವಾಡ ಕೆರೆಯ ದಂಡೆಯ ಮೇಲೆ ನಿಧಾನವಾಗಿ ನಡೆಯತೊಡಗಿದೆ. ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆಗಳಲ್ಲಿ ಬಿಗಿತ ಇಂದಿಗೂ ಇದೆ. ಹೊಲಿಗೆಯ ಜಾಗ ಹಿಂದಿಗಿಂತ ದಪ್ಪ. ಸಣ್ಣಗಾದ ಮೀನಖಂಡವು ಕೆಲವರಲ್ಲಿ ಪೂರ್ಣವಾಗಿ ತುಂಬಿಕೊಳ್ಳುವುದೇ ಇಲ್ಲವಂತೆ. ನನ್ನದು ಒಂದು ಬೆರಳಿನಷ್ಟು ಉಳಿದಿದೆ.

ಈ ವರ್ಷದ ಸಂಕ್ರಾಂತಿಗೆ ಮತ್ತೆ ಹರಿಹರಕ್ಕೆ ಹೋಗಿದ್ದೆವು. ಹರಿಹರೇಶ್ವರನ ಗುಡಿಯ ಕಡೆಯಿಂದ ನದಿಗೆ ಇಳಿಯುವಾಗ ಮಡದಿ ನನ್ನ ತೋಳು ಹಿಡಿದಿದ್ದಳು. ಹಿಡಿಯುವ ಅಗತ್ಯವಿರಲಿಲ್ಲ, ನಾನು ಬಿಡಿಸಿಕೊಳ್ಳಲೂ ಇಲ್ಲ. ಊಟವಾದ ಮೇಲೆ ಮಕ್ಕಳು ಲಗೋರಿ ಹೂಡಿ ನನ್ನ ಕಡೆ ನೋಡಿದರು. ಈ ಸಲ ಬಿಲ್ಲೆಗಳನ್ನು ಎಣಿಸುವ ಕೆಲಸ ನನ್ನದಾಯಿತು. ಆಟ ಮುಗಿದ ಮೇಲೆ ಮೊಮ್ಮಗಳು ನನ್ನ ಅಭ್ಯಾಸವನ್ನೂ ಎಣಿಸುವೆನೆಂದು ಹಟ ಹಿಡಿದಳು. ಬಂಡೆಯೊಂದನ್ನು ಹಿಡಿದು ನಿಂತೆ. ಎಡಗಾಲಿನಲ್ಲಿ 25. ಬಲಗಾಲಿನಲ್ಲಿ 11. ಹನ್ನೆರಡನೆಯದು ಅರ್ಧಕ್ಕೆ ನಿಂತಿತು. ಅದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.